ಜರ್ದಾಲಿಗೆ ದಿನಾ ಒಂದು ಚೊಂಬು, ನೇರಳೆಗೆ?



ಜೂನ್ 5 ಬಂತು. ಮತ್ತೆ ಗುಂಡಿ ತೋಡಿ ಗಿಡ ನೆಡ್ತೀವಿ. ಅದಕ್ಕೆ ಮೊದಲು ನಾನೊಂದು ಮಾತು ಹೇಳಬೇಕು.

ಹೋದ ದೀಪಾವಳಿಗೆ ಮಿಲಿಟರಿಯಲ್ಲಿರುವ ನಮ್ಮ ಮಾವ ಲೇಹ್‌ನಿಂದ ಒಣ ಜರ್ದಾಲು ತಂದಿದ್ದರು. ಏಪ್ರಿಕಾಟ್ ಅಂತಾರಲ್ಲ, ಅದೇ. ವಾಟೆ ಎಸೆಯಲು ಮನಸ್ಸಾಗದೆ ಬಚ್ಚಲ ಹಿಂದೆ ಹೂತೆ. ಎರಡು ತಿಂಗಳಾದರೂ ಮೊಳಕೆ ಇಲ್ಲ. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಆ ಬೀಜ ಕೆಲವು ವಾರ ತೇವದಲ್ಲಿ, ಚಳಿಯಲ್ಲಿ ಇದ್ದರೇ ಏಳೋದು, ಲಡಾಖಿನಲ್ಲಿ ಆ ಕೆಲಸವನ್ನು ಚಳಿಗಾಲವೇ ಮಾಡುತ್ತೆ ಅಂದರು. ಮಿಕ್ಕ ಐದು ವಾಟೆಗಳನ್ನು ಒದ್ದೆ ಮರಳಿನಲ್ಲಿ ಕಟ್ಟಿ, ಅಂಗಡಿ ಅಣ್ಣನ ಕೈಕಾಲು ಹಿಡಿದು, ಫ್ರಿಜ್ಜಿನಲ್ಲಿ ಸೋಡಾ ಬಾಟಲಿ ಪಕ್ಕ ಇಡಿಸಿದೆ. ಒಂದು ಮೊಳೆಯಿತು! (ವಾಟೆ ಒಡೆದು ಒಳಗಿನ ಕಹಿ ಬೀಜ ಮಾತ್ರ ಯಾರೂ ತಿನ್ನಬೇಡಿ, ಅದರಲ್ಲಿ ವಿಷದ ಅಂಶ ಇರುತ್ತೆ.)

ಈಗ ಗೇಣುದ್ದ ಇದೆ. ಏಪ್ರಿಲ್, ಮೇ ಬಿಸಿಲಿಗೆ ಎಲೆ ಅಂಚು ಸುಟ್ಟರೂ ಗೋಣಿಚೀಲ ಕಟ್ಟಿ ನೆರಳು ಮಾಡಿ, ದಿನಾ ಒಂದು ಚೊಂಬು ನೀರು ಹಾಕಿ ಉಳಿಸಿದೆ. ಆದರೆ ಅದು ಹಣ್ಣು ಬಿಡೋದು ಅನುಮಾನ. ಎಲೆ ಉದುರಿಸಿ ಮಲಗಿದ ಮರಕ್ಕೆ ಸುಮಾರು 7 ಡಿಗ್ರಿಗಿಂತ ಕಮ್ಮಿ ಚಳಿ ನೂರಾರು ಗಂಟೆ ಸಿಗಬೇಕಂತೆ, ಆಗಲೇ ಸರಿಯಾಗಿ ಹೂವು. ಮಧುಗಿರಿ, ಪಾವಗಡದ ಕಡೆ ಮಾಗಿಯಲ್ಲಿ ಕಂಬಳಿ ಹೊದ್ದು ನಾವು ನಡುಗಿದರೂ ಅಷ್ಟು ಚಳಿ ಎಲ್ಲಿ ಬರುತ್ತೆ?

ಇದನ್ನು ಕೇಳಿ ನಮ್ಮ ತರಗತಿಯಲ್ಲಿ ಕೆಲವರು "ಪರದೇಶದ ಗಿಡ ಯಾಕೆ ಬೇಕಿತ್ತು" ಅಂತ ನಕ್ಕರು. ಅದನ್ನು ನಾನು ಒಪ್ಪೋದಿಲ್ಲ. ಶಿರಾ, ಪಾವಗಡದ ಹೊಲ ತುಂಬ ಇರೋ ಕಡ್ಲೆಕಾಯಿ ದಕ್ಷಿಣ ಅಮೆರಿಕದ್ದು. ಬೆಟ್ಟದ ಸೀತಾಫಲವೂ ಅಮೆರಿಕದ ಕಡೆಯದೇ. ಕೊರಟಗೆರೆ ರಸ್ತೆಯ ಹುಣಸೆಮರದ ಮೂಲ ಆಫ್ರಿಕಾ. ನಮ್ಮ ಬಿಸಿಲಿಗೆ ಹೊಂದಿಕೊಂಡವು, ನಮ್ಮವಾದವು. ಎಲ್ಲಿಂದ ಬಂತು ಅನ್ನೋದಲ್ಲ, ಇಲ್ಲಿ ಬದುಕುತ್ತಾ ಅಂತ ಕೇಳಬೇಕು.

ನನಗೆ ನಾಚಿಕೆ ಆಗೋದು ಬೇರೆ ವಿಷಯಕ್ಕೆ. ಹೋದ ಜೂನ್‌ನಲ್ಲಿ ನಮ್ಮ ತರಗತಿಯವರೇ ಬೇಲಿ ಪಕ್ಕ ನೇರಳೆ ಸಸಿ ನೆಟ್ಟಿದ್ದೆವು. ಕೈ ತೊಳೆದುಕೊಂಡು ಸಿಹಿ ತಿಂದು ಹೋದೆವು. ಮಳೆಗಾಲದಲ್ಲಿ ಚಿಗುರಿತ್ತು. ಬೇಸಿಗೆ ರಜದಲ್ಲಿ ಒಣಗಿ ಕಡ್ಡಿಯಾಯಿತು. ನಮ್ಮ ಮನೆಯಿಂದ ಅದು ಕೂಗಳತೆ ದೂರ. ಬೆಳೆದಿದ್ದರೆ ನೂರು ಮಕ್ಕಳಿಗೆ ನೆರಳು, ಹಣ್ಣು. ನಾನು ಮಾತ್ರ ಹಣ್ಣು ಬಿಡದ ಗಿಡಕ್ಕೆ ನೀರು ಹೊತ್ತೆ! ನಮ್ಮಜ್ಜಿ ಬೈದಿದ್ದರಲ್ಲಿ ತಪ್ಪಿಲ್ಲ. ಬೋರ್‌ವೆಲ್ ನೀರಿಗೆ ಬಿಂದಿಗೆ ಸಾಲು ನಿಲ್ಲೋ ಊರಿದು.

ಅದಕ್ಕೇ ನನ್ನ ಅಭಿಪ್ರಾಯ: ಈ ಸಲ ಐವತ್ತು ಸಸಿ ಬೇಡ. ಹೊಂಗೆ, ನೇರಳೆ, ಹುಣಸೆ, ಸೀತಾಫಲ, ಎಲ್ಲಾ ಸೇರಿ ಹತ್ತು ಸಾಕು. ನೆಡುವ ದಿನವೇ ಮುಂದಿನ ಬೇಸಿಗೆಗೆ ನೀರು ಹಾಕುವವರ ಹೆಸರು ಈ ಗೋಡೆ ಪತ್ರಿಕೆಯಲ್ಲಿ ಬರೆಯೋಣ, ರಜದ ವಾರಗಳಿಗೂ ಸೇರಿಸಿ. ಮೇ ಮೊದಲ ವಾರಕ್ಕೆ ನನ್ನ ಹೆಸರು ಈಗಲೇ ಬರೆದುಕೊಳ್ಳಿ. ಜರ್ದಾಲು ಗಿಡವನ್ನು ನಾನೇನೂ ಕೀಳೋದಿಲ್ಲ. ಇನ್ನು ಮೇಲೆ ಅದಕ್ಕೆ ಅಕ್ಕಿ ತೊಳೆದ ನೀರು.

- 9ನೇ ತರಗತಿ ವಿದ್ಯಾರ್ಥಿನಿ