ಬೆಂಗಳೂರಿನಲ್ಲಿ ಕೂಡಿದವರು, ಅಗಲಿದವರು

ಮಳವಳ್ಳಿ ಸೀಮೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿಗೂ ವಿದ್ಯುತ್ ಹರಿದದ್ದನ್ನು ನಾವು ಇಂದಿಗೂ ಅಭಿಮಾನದಿಂದ ನೆನೆಯುತ್ತೇವೆ. ಅದಾಗಿ ನಾಲ್ಕೇ ವರ್ಷಕ್ಕೆ, ಮೈಸೂರು ಸಂಸ್ಥಾನ ಕೊಟ್ಟ 371 ಎಕರೆ ನೆಲದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಇಂದಿನ ಭಾರತೀಯ ವಿಜ್ಞಾನ ಸಂಸ್ಥೆ, ಹುಟ್ಟಿತು. ಮಂಡ್ಯದ ಬಳಿಯ ಹನಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಓದಲು ಹೋದ ಹಲವು ತಲೆಮಾರುಗಳಿಗೆ ರಾಮನ್, ಭಾಭಾ, ಸಾರಾಭಾಯಿ ಎಂದರೆ ಶಾಲೆಯ ಗೋಡೆಯ ಮೇಲೆ ಸಾಲಾಗಿ ತೂಗಿದ ಪಟಗಳು. ಆ ಪಟಗಳ ನಡುವಿನ ಸ್ನೇಹ, ಮುನಿಸುಗಳನ್ನು ಯಾವ ಪಾಠಪುಸ್ತಕವೂ ಹೇಳಲಿಲ್ಲ. ತೊಂಬತ್ತು ವರ್ಷಗಳಾಚೆ ನಿಂತು ನೋಡಿದರೆ, ಭೌತವಿಜ್ಞಾನದಲ್ಲಿ ಬೆಂಗಳೂರಿಗೆ ಏನು ದಕ್ಕಿತು, ಏನು ಕೈತಪ್ಪಿತು ಎಂಬುದರಲ್ಲಿ ಅವರ ಹುಟ್ಟು, ಬೆಳವಣಿಗೆ, ಸ್ವಭಾವಗಳ ಪಾಲು ದೊಡ್ಡದೆಂದು ತೋರುತ್ತದೆ.

1933ರಲ್ಲಿ ಸಿ.ವಿ. ರಾಮನ್ ಈ ಟಾಟಾ ಇನ್‌ಸ್ಟಿಟ್ಯೂಟಿನ ಮೊದಲ ಭಾರತೀಯ ನಿರ್ದೇಶಕರಾಗಿ ಬಂದರು. ಅಧ್ಯಾಪಕರ ಮಗ, ಕಲ್ಕತ್ತೆಯಲ್ಲಿ ಹಗಲು ಲೆಕ್ಕಪತ್ರ ಇಲಾಖೆಯ ನೌಕರಿ, ಬೆಳಗ್ಗೆ ಸಂಜೆ ಪ್ರಯೋಗಶಾಲೆ, ವಿದೇಶದಲ್ಲಿ ಓದದೆಯೇ 1930ರ ನೊಬೆಲ್. ಹಾಗೆ ಬೆಳೆದವರಿಗೆ ತಮ್ಮ ಕಣ್ಣು, ತಮ್ಮ ತೀರ್ಮಾನಗಳ ಮೇಲೆ ಅಪಾರ ನಂಬಿಕೆ ಇದ್ದದ್ದು ಸಹಜ. ಅದೇ 1933ರಲ್ಲಿ ಹಿಟ್ಲರನ ಜರ್ಮನಿ, ಯಹೂದಿ ಎಂಬ ಕಾರಣಕ್ಕೆ ಮ್ಯಾಕ್ಸ್ ಬಾರ್ನ್ ಅವರನ್ನು ಗಟಿಂಗೆನ್‌ನ ಪೀಠದಿಂದ ಇಳಿಸಿತು. ಕ್ವಾಂಟಂ ಸಿದ್ಧಾಂತ ಕಟ್ಟಿದವರಲ್ಲೊಬ್ಬರಾದ ಆ ಮನುಷ್ಯನನ್ನು ರಾಮನ್ 1935ರಲ್ಲಿ ಬೆಂಗಳೂರಿಗೆ ಕರೆಸಿಕೊಂಡರು. ಆರು ತಿಂಗಳು ಇಟ್ಟುಕೊಂಡದ್ದಲ್ಲದೆ, ಕಾಯಂ ಪೀಠ ಕೊಡಬೇಕೆಂದು ಪಟ್ಟುಹಿಡಿದರು. ಪ್ರಾಧ್ಯಾಪಕರ ಸಭೆಯಲ್ಲಿ ಇಂಗ್ಲೆಂಡಿನ ಪ್ರಾಧ್ಯಾಪಕ ಆಸ್ಟನ್ ಎದ್ದು, ಸ್ವದೇಶದಿಂದಲೇ ಓಡಿಸಲ್ಪಟ್ಟ ಎರಡನೇ ದರ್ಜೆಯ ಪರದೇಶಿ ನಮಗೇಕೆ ಎಂಬರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕುಳಿತಿದ್ದರು. ಮನೆಗೆ ಹೋಗಿ ಅತ್ತದ್ದನ್ನು ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋ ಅವರನ್ನು ಬರಮಾಡಿಕೊಂಡಿತು. ಭಾರತೀಯನೊಬ್ಬನ ಆಡಳಿತವನ್ನು ಸಹಿಸಲಾಗದ ಬಿಳಿಯರ ಬಿಗುಮಾನ ಆ ಮಾತಿನ ಹಿಂದೆ ಇದ್ದೇ ಇತ್ತು. ಎಲ್ಲರನ್ನೂ ಕೂಡಿಸಿಕೊಂಡು ಹೋಗದ, ಭೌತವಿಜ್ಞಾನಕ್ಕೇ ಮಣೆಹಾಕಿದ ರಾಮನ್ ಅವರ ಅವಸರವೂ ಕಿಚ್ಚಿಗೆ ತುಪ್ಪವಾಯಿತು. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಬೆಂಗಳೂರಿಗೆ ಕೈಯಳತೆಯಲ್ಲಿದ್ದ ಸೈದ್ಧಾಂತಿಕ ಭೌತವಿಜ್ಞಾನದ ದೊಡ್ಡ ಪರಂಪರೆ ಅಂದು ಜಾರಿಹೋಯಿತು. ಆ ಕಾಲದ ನಷ್ಟಗಳಲ್ಲಿ ಇದಕ್ಕಿಂತ ದೊಡ್ಡದು ನನಗೆ ಕಾಣುವುದಿಲ್ಲ.

ಮುಂದೆ ನೋವಿನ ತಿರುವು. ಹರಳುಗಳೊಳಗಿನ ಪರಮಾಣುಗಳ ಕಂಪನದ ಬಗ್ಗೆ ಬಾರ್ನ್ 1912ರಲ್ಲೇ ಕಟ್ಟಿದ್ದ ಸಿದ್ಧಾಂತವನ್ನು ರಾಮನ್ 1940ರ ದಶಕದಲ್ಲಿ ಬಿರುಸಾಗಿ ತಳ್ಳಿಹಾಕಿದರು. ಕಂಪನದ ಆವೃತ್ತಿಗಳು ಎಣಿಕೆಗೆ ಸಿಗುವಷ್ಟೇ ಎಂದು ರಾಮನ್, ಅವು ಎಡೆಬಿಡದೆ ಹರಡಿವೆ ಎಂದು ಬಾರ್ನ್. ಮುಂದೆ ನ್ಯೂಟ್ರಾನ್ ಪ್ರಯೋಗಗಳು ಬಾರ್ನ್ ಪರ ನಿಂತರೂ ರಾಮನ್ ಒಪ್ಪಲಿಲ್ಲ. ಪ್ರಯೋಗಶಾಲೆಯಲ್ಲಿ ಕಣ್ಣಾರೆ ಕಂಡದ್ದನ್ನು ನಂಬಿದವರಿಗೂ ಗಣಿತದ ಮನೆಯಲ್ಲಿ ಬೆಳೆದವರಿಗೂ ನಡುವಿನ ದೂರವದು. ಒಮ್ಮೆ ಆಸರೆಯಿತ್ತ ಕೈ, ಆಸರೆ ಪಡೆದ ಕೈ ಎರಡೂ ಹೀಗೆ ಬೇರೆಯಾದವು.

ಕಿರಿಯರ ವಿಷಯದಲ್ಲಿ ಅದೇ ರಾಮನ್ ಬೇರೆಯ ಮನುಷ್ಯ. ಮಹಾಯುದ್ಧದಿಂದಾಗಿ ಕೇಂಬ್ರಿಜ್‌ಗೆ ಮರಳಲಾಗದ ಹೋಮಿ ಭಾಭಾ 1940ರಲ್ಲಿ ಬೆಂಗಳೂರಿಗೆ ಬಂದರು; ವಿಕ್ರಮ್ ಸಾರಾಭಾಯಿ ರಾಮನ್ ಅವರ ಬಳಿ ವಿಶ್ವಕಿರಣಗಳ ಅಧ್ಯಯನಕ್ಕೆ ಕುಳಿತರು. ಒಬ್ಬರು ಮುಂಬೈನ ಶ್ರೀಮಂತ ಪಾರ್ಸಿ ಮನೆತನದವರು, ಮತ್ತೊಬ್ಬರು ಅಹಮದಾಬಾದಿನ ಗಿರಣಿ ಮಾಲೀಕರ ಮಗ. ಭಾಭಾರನ್ನು ರಾಮನ್ ಲಿಯೊನಾರ್ಡೊ ಡ ವಿಂಚಿಗೆ ಹೋಲಿಸಿ ಹೊಗಳಿದರು. ತಮಗಿಂತ ಇಪ್ಪತ್ತು, ಮೂವತ್ತು ವರ್ಷ ಕಿರಿಯರಾದವರಲ್ಲಿ ಅವರಿಗೆ ಎದುರಾಳಿ ಕಾಣಲಿಲ್ಲವೇನೋ. ಆದರೆ ಸಿರಿವಂತಿಕೆಯಲ್ಲಿ ಬೆಳೆದ ಆ ಇಬ್ಬರಿಗೆ ಟಾಟಾ ಟ್ರಸ್ಟಿನ ಬಾಗಿಲೂ ನೆಹರೂ ಅವರ ಬಾಗಿಲೂ ಸಲೀಸಾಗಿ ತೆರೆದವು. ಸರ್ಕಾರದ ಹಣವನ್ನೇ ಅನುಮಾನಿಸಿದ ರಾಮನ್ ಆ ದಾರಿ ತುಳಿಯಲಿಲ್ಲ. 1945ರಲ್ಲಿ ಬೆಂಗಳೂರಿನಲ್ಲೇ ಆರಂಭವಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಅದೇ ವರ್ಷ ಮುಂಬೈಗೆ ಹೋಯಿತು. 1947ರಲ್ಲಿ ಸಾರಾಭಾಯಿ ಅಹಮದಾಬಾದಿನಲ್ಲಿ ತಮ್ಮ ಪ್ರಯೋಗಾಲಯ ಕಟ್ಟಿದರು. ನಮ್ಮ ತುಮಕೂರಿನ ರಾಜಾ ರಾಮಣ್ಣನವರಿಗೆ ಭಾಭಾ ಪರಿಚಯವಾದದ್ದು 1944ರಲ್ಲಿ, ಸಂಗೀತದ ಮೂಲಕ. ಪಿಯಾನೊ ನುಡಿಸುತ್ತಿದ್ದ ತರುಣ ಮುಂದೆ ಅಣುಶಕ್ತಿ ಕಾರ್ಯಕ್ರಮದ ಮುಂದಾಳಾದರು.

ರಾಮನ್ 1948ರಲ್ಲಿ, ಮಹಾರಾಜರಿತ್ತ ಜಾಗದಲ್ಲಿ, ದಾನಿಗಳ ಹಣದಿಂದ ಸ್ವಂತ ಸಂಸ್ಥೆ ತೆರೆದು 1970ರ ನವೆಂಬರ್‌ವರೆಗೆ ಅಲ್ಲೇ ದುಡಿದರು. ಅವರು ತೀರಿಕೊಂಡ ಎರಡು ವರ್ಷಕ್ಕೆ ಆ ಸಂಸ್ಥೆಯೂ ಕೇಂದ್ರ ಸರ್ಕಾರದ ನೆರವಿಗೆ ಒಳಪಟ್ಟಿತು. ಮುಂಬೈಗೆ ಹೋದ ಭಾಭಾರ ಸಂಸ್ಥೆ ಈಗ ಬೆಂಗಳೂರಿನ ಹೊರವಲಯದಲ್ಲಿ ಸೈದ್ಧಾಂತಿಕ ವಿಜ್ಞಾನದ ಕೇಂದ್ರವೊಂದನ್ನು ನಡೆಸುತ್ತಿದೆ. ದೇಶವಿದೇಶದ ವಿದ್ವಾಂಸರು ಅಲ್ಲಿಗೆ ಬಂದು ತಿಂಗಳುಗಟ್ಟಲೆ ಇದ್ದು ಹೋಗುತ್ತಾರೆ. ಅಂದು ಪ್ರಾಧ್ಯಾಪಕರ ಸಭೆಯಲ್ಲಿ ಬಾರ್ನ್ ಅವರಿಗೆ ಸಿಗದ ಆದರ ಅವರಿಗೆಲ್ಲ ಸಿಗುತ್ತಿದೆ.