ಚಳಿನಾಡಿನಲ್ಲಿ ಮದುಮಗಳಿಗೊಂದು ಮುಯ್ಯಿ

ನಮ್ಮ ಸಮಾಜದ ಅನೇಕ ಮನೆತನಗಳ ಮಕ್ಕಳು ಇಂದು ಅಮೆರಿಕದಲ್ಲಿ ನೆಲೆಸಿದ್ದಾರೆ. ಅವರ ಮನೆಗಳಲ್ಲಿ ಮದುವೆ ನಿಶ್ಚಯವಾದಾಗ ಇಲ್ಲಿರುವ ಹಿರಿಯರ ಕಿವಿಗೆ ಒಂದು ಹೊಸ ಮಾತು ಬೀಳುತ್ತದೆ: ‘ಬ್ರೈಡಲ್ ಶವರ್’. ಮದುವೆಗೆ ಕೆಲವು ವಾರಗಳ ಮುಂಚೆ ಮದುಮಗಳ ಗೆಳತಿಯರೂ ಬಂಧುಬಳಗದ ಹೆಂಗಸರೂ ಒಂದೆಡೆ ಸೇರಿ, ಹೊಸ ಸಂಸಾರಕ್ಕೆ ಬೇಕಾಗುವ ಸಾಮಾನುಗಳನ್ನು ಆಕೆಗೆ ಉಡುಗೊರೆಯಾಗಿತ್ತು, ತಿಂದು, ನಕ್ಕು ನಲಿಯುವ ಕೂಟವದು. ಈ ಪದ್ಧತಿಯ ಬಗೆಗೆ ಮೊದಲು ನಮಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ. ಅದು ಬದಲಾದ ಬಗೆಯನ್ನೂ, ಅಂಥ ಕೂಟವನ್ನು ಚಳಿಗಾಲಕ್ಕೆ ಒಪ್ಪುವಂತೆ ಕೈಯಾರೆ ಸಿಂಗರಿಸಿ ನಡೆಸುವ ರೀತಿಯನ್ನೂ ಈ ತಿಂಗಳು ಓದುಗರ ಮುಂದಿಡಬಯಸುತ್ತೇವೆ.

ಕೆಲವು ವರ್ಷಗಳ ಹಿಂದೆ ತಂಗಿಯ ಮಗಳ ಮದುವೆಗೆಂದು ನಾವು ಧಾರವಾಡದಿಂದ ಡಿಸೆಂಬರಿನಲ್ಲಿಯೇ ಹೊರಟು, ಶಿಕಾಗೋ ನಗರದ ಹೊರವಲಯದಲ್ಲಿರುವ ಅವರ ಮನೆಯನ್ನು ಸೇರಿದ್ದೆವು. ಅದಕ್ಕೆ ಎರಡು ತಿಂಗಳ ಮುಂಚೆ ತಂಗಿಯ ಯಜಮಾನರ ನೌಕರಿ ಹೋಗಿತ್ತು. ಮದುವೆಯ ಖರ್ಚನ್ನೇ ತೂಗಿಸುವುದು ಹೇಗೆಂಬ ಚಿಂತೆ ಮನೆಯನ್ನು ಆವರಿಸಿತ್ತು. ಅಷ್ಟರಲ್ಲಿ ಮಗಳ ಗೆಳತಿಯೊಬ್ಬಳು, ಆ ದೇಶದವಳೇ, ಜನವರಿಯಲ್ಲಿ ತನ್ನ ಮನೆಯಲ್ಲಿ ಶವರ್ ಏರ್ಪಡಿಸುವೆನೆಂದು ಮುಂದೆ ಬಂದಳು. “ಇಂಥ ಹೊತ್ತಿನಲ್ಲಿ ನಾಲ್ಕು ಜನರನ್ನು ಕರೆದು ಕಾಣಿಕೆ ಪಡೆದರೆ ಕೈಯೊಡ್ಡಿದಂತಾಗುವುದಿಲ್ಲವೇ?” ಎಂದು ನಾವು ಕೇಳಿಯೇ ಬಿಟ್ಟೆವು. ತಂಗಿ ಮಾತನಾಡಲಿಲ್ಲ. ಅವಳ ಕಣ್ಣು ತುಂಬಿದ್ದನ್ನು ಕಂಡ ಮೇಲೆ, ಆಡಿದ ಮಾತಿಗಾಗಿ ನಾವೇ ನೊಂದೆವು.

ನಮ್ಮ ಸಂಕೋಚವನ್ನು ತಿಳಿದ ಆ ಗೆಳತಿ ಮನೆಗೇ ಬಂದು ಕುಳಿತು ವಿವರಿಸಿದಳು. ಅಲ್ಲಿಯ ಹಳೆಯ ಶಿಷ್ಟಾಚಾರದಂತೆ ಮದುಮಗಳ ತಾಯಿಯಾಗಲಿ ಒಡಹುಟ್ಟಿದವರಾಗಲಿ ಶವರ್ ಏರ್ಪಡಿಸುವಂತಿರಲಿಲ್ಲ. ಮನೆಯವರೇ ಕರೆದರೆ ಕಾಣಿಕೆ ಬೇಡಿದಂತಾಗುತ್ತದೆ ಎಂಬುದೇ ಅದಕ್ಕೆ ಕಾರಣ. ನಮ್ಮನ್ನು ಕಾಡಿದ ಅಳುಕು ಅವರ ಹಿರಿಯರನ್ನೂ ಕಾಡಿತ್ತೆಂದಾಯಿತು! ಪದ್ಧತಿಯ ಮೂಲದ ಬಗೆಗೆ ಹಾಲೆಂಡಿನ ಒಂದು ದಂತಕಥೆಯೂ ಇದೆ. ಒಬ್ಬ ಹುಡುಗಿ ಬಡ ಗಿರಣಿಗಾರನನ್ನು ಮೆಚ್ಚಿದಳು. ಅವನೋ ಬಡವರಿಗೆ ಹಿಟ್ಟು ದಾನಮಾಡಿ ತಾನೇ ಬರಿಗೈಯಾದವನು. ಆ ಮದುವೆಯಾದರೆ ವರದಕ್ಷಿಣೆ ಕೊಡುವುದಿಲ್ಲವೆಂದು ತಂದೆ ಹಟ ಹಿಡಿದ. ಆಗ ಊರ ಜನರೇ ತಮ್ಮ ತಮ್ಮ ಮನೆಯಿಂದ ಪಾತ್ರೆ ಪಡಗಗಳನ್ನು ತಂದು, ಮಳೆಗರೆದಂತೆ ಆಕೆಗೆ ಕೊಟ್ಟು ಸಂಸಾರ ಹೂಡಿಸಿದರು. ಶವರ್ ಎಂದರೆ ತುಂತುರುಮಳೆ.

1961ರ ಕಾಯಿದೆಯೇ ನಿಷೇಧಿಸಿದ್ದರೂ ವರದಕ್ಷಿಣೆಯ ಕಾಟ ಇನ್ನೂ ತೊಲಗದ ನಾಡಿನಿಂದ ಹೋದ ನಮಗೆ ಆ ಕಥೆ ಮನಸ್ಸಿಗೆ ನಾಟಿತು. ಅಲ್ಲಿ ಗಂಡಿನ ಮನೆಯವರು ಏನನ್ನೂ ಕೇಳಲಿಲ್ಲ; ಪ್ರೀತಿಸುವ ಜನ ತಾವಾಗಿ ಕೊಟ್ಟರು. ನಮ್ಮ ಮುಯ್ಯಿಯ ಮೂಲವೂ ಇದೇ ಅಲ್ಲವೇ? ಒಬ್ಬರ ಮನೆಯ ಮದುವೆಯ ಭಾರವನ್ನು ಹತ್ತು ಮನೆಗಳು ಹೊರುವುದೇ ಮುಯ್ಯಿ.

ಆದರೆ ಪದ್ಧತಿ ಒಳ್ಳೆಯದಾದರೂ ಅಂಗಡಿ ಅದರೊಳಗೆ ನುಗ್ಗಿದರೆ ಕೆಡುತ್ತದೆ. ಮದುಮಗಳು ತನಗೆ ಬೇಕಾದ ವಸ್ತುಗಳ ಪಟ್ಟಿಯನ್ನು ಅಂಗಡಿಯಲ್ಲಿ ಬರೆಸಿಡುವ ಏರ್ಪಾಡು ಶಿಕಾಗೋದ ಮಾರ್ಷಲ್ ಫೀಲ್ಡ್ಸ್ ಮಳಿಗೆಯಲ್ಲಿಯೇ 1924ರಲ್ಲಿ ಆರಂಭವಾಯಿತೆಂದು ಹೇಳುತ್ತಾರೆ. ಅದು ಅನುಕೂಲವೇನೋ ನಿಜ. ಬಡ ಗೆಳತಿಗೆ ಮಾತ್ರ ಬೆಲೆ ನೋಡಿ ಎದೆ ನಡುಗುತ್ತದೆ. ಆದ್ದರಿಂದ ಅಂದು ನಾವೆಲ್ಲ ಕೂಡಿ ಒಂದು ನಿಯಮ ಮಾಡಿದೆವು. ಪಟ್ಟಿ ಬೇಡ. ಬರುವವರು ತಮ್ಮ ಮನೆಯ ಒಂದು ಅಡುಗೆಯ ವಿಧಾನವನ್ನು ಸ್ವಂತ ಕೈಯಿಂದ ಬರೆದು, ಅದಕ್ಕೆ ಬೇಕಾಗುವ ಒಂದು ಸಣ್ಣ ಸಾಧನವನ್ನು, ಸೌಟೋ ಜರಡಿಯೋ ಲಟ್ಟಣಿಗೆಯೋ, ಜೊತೆಗೆ ತಂದರೆ ಸಾಕು. ಸಿಂಗಾರಕ್ಕೂ ತಿಂಡಿಗೂ ಹೊರಗಿನವರನ್ನು ಕರೆಯಬಾರದು.

ಚಳಿಗಾಲದ ಸಿಂಗಾರಕ್ಕೆ ಬಿಳಿಯ ಬಣ್ಣವೇ ಮುಖ್ಯ. ಕಾಗದದ ಹಿಮಹೂಗಳನ್ನು ಮನೆಯ ಮಕ್ಕಳೂ ಕತ್ತರಿಸಬಲ್ಲರು. ಚೌಕವಾದ ತೆಳು ಕಾಗದವನ್ನು ಮೂಲೆಯಿಂದ ಮೂಲೆಗೆ ಮಡಚಿ ತ್ರಿಕೋನ ಮಾಡಿರಿ. ಅದನ್ನು ಮತ್ತೊಮ್ಮೆ ಅರ್ಧಕ್ಕೆ ಮಡಚಿರಿ. ಅನಂತರ ಎಡಬಲದ ಮಗ್ಗಲುಗಳನ್ನು ಒಂದರ ಮೇಲೊಂದು ಬರುವಂತೆ ಮೂರು ಸಮಭಾಗವಾಗಿ ಮಡಚಿ, ಮೇಲೆ ಉಳಿದ ಚುಂಚುಗಳನ್ನು ಕತ್ತರಿಸಿ ತೆಗೆದು, ಅಂಚುಗಳಲ್ಲಿ ಮನಬಂದಂತೆ ಕಚ್ಚು ಹಾಕಿರಿ. ಬಿಡಿಸಿದಾಗ ಆರು ಎಸಳಿನ ಹೂ ಅರಳುತ್ತದೆ. ನಿಜವಾದ ಹಿಮದ ಹರಳಿಗೂ ಆರೇ ಮೂಲೆ. ನೀರಿನ ಅಣುಗಳು ಹೆಪ್ಪುಗಟ್ಟುವಾಗ ಆರು ಮೂಲೆಯ ಜೋಡಣೆಯನ್ನೇ ತಳೆಯುತ್ತವೆ. ವರ್ಮಾಂಟ್ ರಾಜ್ಯದ ಜೆರಿಕೋ ಎಂಬ ಊರಿನ ರೈತ ವಿಲ್ಸನ್ ಬೆಂಟ್ಲಿ 1885ರ ಜನವರಿ 15ರಂದು ಒಂದೇ ಹಿಮಹರಳಿನ ಛಾಯಾಚಿತ್ರ ತೆಗೆದು, ಬಾಳಿನುದ್ದಕ್ಕೂ 5000ಕ್ಕೂ ಹೆಚ್ಚು ಚಿತ್ರಗಳನ್ನು ಸಂಗ್ರಹಿಸಿದನು.

ಪೈನ್ ಮರದ ಒಣಕಾಯಿಗಳನ್ನು ಅಕ್ಟೋಬರಿನಲ್ಲಿಯೇ ಆಯ್ದಿಟ್ಟರೆ ಕಾಸಿಲ್ಲದೆ ಮೇಜಿನ ಸಿಂಗಾರವಾಗುತ್ತದೆ. ಅವನ್ನು ಓವನ್ನಿನಲ್ಲಿ 95 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ ಇಟ್ಟರೆ ಒಳಗಿನ ಹುಳು ಸಾಯುತ್ತವೆ, ಎಸಳುಗಳೂ ಬಿಚ್ಚಿಕೊಳ್ಳುತ್ತವೆ. ಅಂಟಿರುವ ಕಾಯಿಗಳಾದ್ದರಿಂದ ಬಿಟ್ಟು ಹೋಗದೆ ಹತ್ತಿರವೇ ಇರಬೇಕು. ಒಂದು ದಿನ ಮುಂಚಿನ ಮೆಕ್ಕೆಜೋಳದ ಅರಳನ್ನೂ ಕೆಂಪು ಕ್ರ್ಯಾನ್‌ಬೆರಿ ಹಣ್ಣನ್ನೂ ಸೂಜಿದಾರದಿಂದ ಪೋಣಿಸಿದರೆ ಸೊಗಸಾದ ಮಾಲೆಯಾಗುತ್ತದೆ. ಬಕೆಟ್ಟಿನಲ್ಲಿ ನೀರು ತುಂಬಿ, ನಡುವೆ ಕಲ್ಲಿಟ್ಟ ಸಣ್ಣ ಪಾತ್ರೆಯನ್ನು ಇಳಿಬಿಟ್ಟು ರಾತ್ರಿ ಹೊರಗಿಟ್ಟರೆ, ಬೆಳಗಾಗುವಷ್ಟರಲ್ಲಿ ಹಿಮದ ಗೂಡು ಸಿದ್ಧ. ಅದರೊಳಗೆ ಮೇಣದಬತ್ತಿ ಹಚ್ಚಿ ಬಾಗಿಲ ದಾರಿಯಲ್ಲಿಡಬೇಕು. ಜನವರಿಯಲ್ಲಿ ಅಲ್ಲಿ ಸಂಜೆ ಐದರೊಳಗೆ ಸೂರ್ಯ ಮುಳುಗುವುದರಿಂದ ಹೊರಡುವ ಅತಿಥಿಗಳಿಗೆ ಅದೇ ದೀಪ.

ತಿಂಡಿಗಳಲ್ಲಿ ‘ಹಿಮದುಂಡೆ’ ಬಿಸ್ಕತ್ತು ನಮಗೆ ಬಹಳ ಹಿಡಿಸಿತು. ಅದಕ್ಕೆ ಮೊಟ್ಟೆ ಬೇಕಿಲ್ಲ. 225 ಗ್ರಾಂ ಬೆಣ್ಣೆ, 60 ಗ್ರಾಂ ಸಕ್ಕರೆ ಪುಡಿ, 280 ಗ್ರಾಂ ಮೈದಾ, ಮುಕ್ಕಾಲು ಬಟ್ಟಲು ಅಕ್ರೋಟಿನ ತರಿ, ಚಿಟಿಕೆ ಉಪ್ಪು, ಒಂದು ಚಮಚ ವೆನಿಲಾ ಇವನ್ನು ಕಲಸಿ, ಅಂಗುಲ ಗಾತ್ರದ ಉಂಡೆ ಮಾಡಿ, 200 ಡಿಗ್ರಿಯಲ್ಲಿ 10ರಿಂದ 12 ನಿಮಿಷ ಬೇಯಿಸಬೇಕು. ಬಿಸಿಯಿರುವಾಗ ಒಮ್ಮೆ, ಆರಿದ ಮೇಲೆ ಮತ್ತೊಮ್ಮೆ ಸಕ್ಕರೆ ಪುಡಿಯಲ್ಲಿ ಹೊರಳಿಸಬೇಕು.

ಇಲ್ಲೊಂದು ಎಚ್ಚರಿಕೆಯ ಮಾತು. ಅಂದು ಬಿಸಿ ಚಾಕೊಲೇಟಿನ ಮೇಲೆ ಹಾಕಲು ‘ಮಾರ್ಷ್‌ಮೆಲೋ’ ಎಂಬ ಹತ್ತಿಯಂಥ ಬಿಳಿ ಮಿಠಾಯಿ ಸಿದ್ಧವಾಗಿತ್ತು. ನಾವು ಬಟ್ಟಲಿಗೆ ಕೈ ಚಾಚಿದ್ದೆವು. “ದೊಡ್ಡವ್ವಾ, ತಡಿ. ಅದರಾಗ ಜೆಲಟಿನ್ ಇರ್ತದ, ನೀವು ತಿನ್ನೂದಿಲ್ಲ” ಎಂದು ಮದುಮಗಳೇ ತಡೆದಳು. ಜೆಲಟಿನ್ ಎಂಬುದು ಪ್ರಾಣಿಗಳ ಚರ್ಮ ಹಾಗೂ ಎಲುಬಿನಿಂದ ತೆಗೆಯುವ ವಸ್ತು. ಆ ಗೆಳತಿ ಮುಖ ಸಣ್ಣದು ಮಾಡಿಕೊಳ್ಳದೆ, ಕೂಡಲೇ ಎಲ್ಲರ ಬಟ್ಟಲಿಗೂ ಕಡೆದ ಕೆನೆಯನ್ನೇ ಹಾಕಿಸಿದಳು. ನಮ್ಮ ನಡೆಯನ್ನು ಮೊದಲೇ ವಿನಯದಿಂದ ತಿಳಿಸಿದ್ದರೆ ಆ ಗಲಿಬಿಲಿಯೂ ಇರುತ್ತಿರಲಿಲ್ಲ. ಸಂಕೋಚಪಟ್ಟು ಸುಮ್ಮನಿರುವುದು ಸೌಜನ್ಯವಲ್ಲವೆಂದು ಅಂದು ಕಲಿತೆವು. ನಾವು ಊರಿನಿಂದ ಒಯ್ದಿದ್ದ ಸಂಕ್ರಾಂತಿಯ ಕುಸುರೆಳ್ಳನ್ನು, ಎಳ್ಳಿಗೆ ಹನಿಹನಿಯಾಗಿ ಪಾಕವಿಕ್ಕಿ ಮುಳ್ಳು ಬರಿಸಿದ ಬಿಳಿ ಕಾಳನ್ನು, ಅವರೆಲ್ಲ ಹಿಮದ ಹರಳೆಂದೇ ಕರೆದು ಅಂಗೈ ಚಾಚಿದರು.

ಚಳಿನಾಡಿನಲ್ಲಿ ಬದಲಿ ದಿನವೊಂದನ್ನು ಮೊದಲೇ ಗೊತ್ತುಪಡಿಸಿಡುವುದು ಜಾಣತನ. 2019ರ ಜನವರಿ 30ರಂದು ಶಿಕಾಗೋದ ತಾಪಮಾನ ಸೊನ್ನೆಗಿಂತ 30 ಡಿಗ್ರಿ ಕೆಳಗಿಳಿದಿತ್ತು. ಅಂಥ ದಿನ ಯಾರನ್ನೂ ಕರೆಯುವುದು ಸಲ್ಲ.

ಉಡುಗೊರೆಗಳನ್ನು ಎಲ್ಲರೆದುರು ಬಿಚ್ಚುವಾಗ ಒಬ್ಬಾಕೆ ಕೊಟ್ಟವರ ಹೆಸರನ್ನು ಬರೆದುಕೊಳ್ಳುತ್ತಿದ್ದಳು. ನಮ್ಮ ಮುಯ್ಯಿಯ ಪುಸ್ತಕ ನೆನಪಾಯಿತು. ಆದರೆ ಆ ಬರೆಹ ಲೆಕ್ಕ ತೀರಿಸಲಿಕ್ಕಲ್ಲ; ಪ್ರತಿಯೊಬ್ಬರಿಗೂ ಮದುಮಗಳು ಕೃತಜ್ಞತೆಯ ಪತ್ರ ಬರೆಯಲಿಕ್ಕೆ. ನಾವು ಜೋಳದ ರೊಟ್ಟಿಯ ವಿಧಾನವನ್ನು ಬರೆದು, ಜೊತೆಗೆ ಒಂದು ಕಬ್ಬಿಣದ ಹಂಚನ್ನು ಕೊಟ್ಟೆವು. ಕತ್ತಲಾದ ಮೇಲೆ ಕರೆದೊಯ್ಯಲು ಬಂದ ತಂಗಿಯ ಯಜಮಾನರು ಆ ಚೀಟಿಗಳನ್ನು ಒಂದೊಂದಾಗಿ ಓದಿ, “ನಾನು ಕೊಡಿಸಬೇಕಾಗಿದ್ದ ಅಡುಗೆಮನೆಯನ್ನು ಇವರೆಲ್ಲ ಕೊಟ್ಟರು” ಎಂದರು. ಬಹಳ ದಿನಗಳ ಮೇಲೆ ಅವರ ಮುಖ ತಿಳಿಯಾಗಿತ್ತು.

ಪರದೇಶದಲ್ಲಿ ಹೆಣ್ಣುಮಕ್ಕಳ ಮದುವೆ ಮಾಡುವ ಬಂಧುಗಳಲ್ಲಿ ನಮ್ಮ ವಿನಂತಿಯಿಷ್ಟೆ. ಇಂಥ ಕೂಟವನ್ನು ಅನ್ಯರದೆಂದು ದೂರವಿಡಬೇಡಿರಿ, ಆಡಂಬರಕ್ಕೂ ಬಿಟ್ಟುಕೊಡಬೇಡಿರಿ. ನಾಲ್ಕು ಜನ ಕೈಯಾರೆ ಮಾಡಿ, ಮನಸಾರೆ ಕೊಟ್ಟದ್ದನ್ನು ಪಡೆಯುವುದು ಕೈಯೊಡ್ಡಿದಂತಲ್ಲ. ಊರಲ್ಲಿರುವವರೂ ಮುಂದಿನ ಮದುವೆಗೆ ಹೊರಡುವಾಗ, ಕಾಣಿಕೆಯ ಲಕೋಟೆಯ ಜೊತೆಗೆ ನಿಮ್ಮ ಮನೆಯ ಒಂದು ಅಡುಗೆಯ ವಿಧಾನವನ್ನೂ ಬರೆದುಕೊಂಡು ಹೋಗಿರಿ. ಮಗಳು ಅದನ್ನು ಬಹುಕಾಲ ಕಾಪಾಡುತ್ತಾಳೆ.