ಅಗ್ಗದ ಟಿಕೆಟಿನ ಬೆಲೆ ತೆರುವವರು ಯಾರು?

ವಿಮಾನದ ಮಾತು ನಮಗೇಕೆ ಎಂದು ಗಿರಣಿಯ ಗೆಳೆಯರು ಕೇಳಬಹುದು. ಆದರೆ ವಿಮಾನದ ಲೆಕ್ಕವೂ ಮಗ್ಗದ ಲೆಕ್ಕವೂ ಒಂದೇ. ನಿಂತ ಮಗ್ಗ ಕಾಸು ತರುವುದಿಲ್ಲ. ನೆಲದ ಮೇಲೆ ನಿಂತ ವಿಮಾನವೂ ತರುವುದಿಲ್ಲ.

2003ರಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥರು ಬೆಂಗಳೂರಿನಲ್ಲಿ ಏರ್ ಡೆಕ್ಕನ್ ಆರಂಭಿಸಿದರು. ಅಲ್ಲಿಯವರೆಗೆ ಸಾಹುಕಾರರ ಸವಾರಿಯಾಗಿದ್ದ ವಿಮಾನವನ್ನು ಸಾಮಾನ್ಯರೂ ಹತ್ತಿದರು. ಇದನ್ನು ಸಮಾಜವಾದಿಗಳು ಮನಸಾರೆ ಮೆಚ್ಚಬೇಕು. ಆ ಕಂಪನಿ 2008ರಲ್ಲಿ ಕಿಂಗ್‌ಫಿಷರಿನಲ್ಲಿ ಲೀನವಾಯಿತು. 2012ರಲ್ಲಿ ಕಿಂಗ್‌ಫಿಷರ್ ನಿಂತೇಹೋದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು.

ಅಗ್ಗದ ದಾರಿಯಲ್ಲಿ ಗೆದ್ದದ್ದು 2006ರಲ್ಲಿ ಹಾರಲಾರಂಭಿಸಿದ ಇಂಡಿಗೋ. ಅದರ ಗುಟ್ಟೇನು? ಹಲವು ವರ್ಷ ಅದು ಏರ್‌ಬಸ್ 320 ಎಂಬ ಒಂದೇ ಜಾತಿಯ ವಿಮಾನ ನಡೆಸಿತು. ಬಿಡಿಭಾಗವೂ ಒಂದೇ, ತರಬೇತಿಯೂ ಒಂದೇ. 2005ರಲ್ಲೇ 100 ವಿಮಾನಗಳಿಗೆ ಸಗಟು ಬೇಡಿಕೆಯಿತ್ತಿತು. ಸಗಟು ಕೊಂಡವನಿಗೆ ದರ ಇಳಿಯುವುದನ್ನು ನಮ್ಮ ಅಂಗಡಿಕಾರರಿಗೆ ಯಾರೂ ಕಲಿಸಬೇಕಿಲ್ಲ. ಇಳಿದ ವಿಮಾನವನ್ನು ಬೇಗ ಮತ್ತೆ ಹಾರಿಸುವುದು, ಊಟಕ್ಕೆ ಬೇರೆ ಹಣ ಪಡೆಯುವುದು: ಇವೆಲ್ಲ ಜಾಣ ವ್ಯಾಪಾರ. ಇದರಲ್ಲಿ ತಪ್ಪಿಲ್ಲ.

ಆದರೆ ಇನ್ನೊಂದು ಉಳಿತಾಯವಿದೆ. ಅದು ದುಡಿಯುವವರ ನಿದ್ದೆಯಿಂದ ಮಾಡುವ ಉಳಿತಾಯ. ಪೈಲಟರ ವಾರದ ಬಿಡುವನ್ನು 36 ಗಂಟೆಯಿಂದ 48 ಗಂಟೆಗೆ ಏರಿಸುವ, ರಾತ್ರಿ ಪಾಳಿಯನ್ನು ಬಿಗಿಗೊಳಿಸುವ ನಿಯಮಗಳು 2024ರ ಆರಂಭದಲ್ಲೇ ಪ್ರಕಟವಾಗಿದ್ದವು. ಅವು 2025ರಲ್ಲಿ ಪೂರ್ತಿ ಜಾರಿಗೆ ಬಂದಾಗ ಇಂಡಿಗೋ ಬಳಿ ಸಾಕಷ್ಟು ಪೈಲಟರನ್ನು ಸಜ್ಜುಮಾಡಿದ ಏರ್ಪಾಡಿರಲಿಲ್ಲ. ಡಿಸೆಂಬರಿನಲ್ಲಿ ಸಾವಿರಾರು ಹಾರಾಟಗಳು ರದ್ದಾದವು. ದೇಶದೊಳಗಿನ ಪ್ರಯಾಣಿಕರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಆ ಒಂದೇ ಕಂಪನಿಯ ಕೈಯಲ್ಲಿದ್ದುದರಿಂದ ಉಳಿದವರ ಟಿಕೆಟು ಗಗನಕ್ಕೇರಿ, ಸರಕಾರವೇ ದರಕ್ಕೆ ಮಿತಿ ಹಾಕಬೇಕಾಯಿತು. ಕೊನೆಗೆ ಸಡಿಲಗೊಂಡದ್ದು ಯಾವುದು? ರಾತ್ರಿ ಕೆಲಸದ ನಿಯಮ!

ಬಿಡುವು ಕೇಳಿದಾಗಲೆಲ್ಲ "ಗಿರಣಿ ಮುಚ್ಚೀತು" ಎಂಬ ಬೆದರಿಕೆ ಕೇಳಿದವರು ನಾವು. ಆ ರಾಗ ನಮಗೆ ಹೊಸದಲ್ಲ.

ಅಗ್ಗದ ಟಿಕೆಟು ಬೇಡವೆಂದು ನಾವು ಹೇಳುವುದಿಲ್ಲ. ಜಾಣತನದಿಂದ ಇಳಿದ ದರ ಜನರ ಸೊತ್ತು. ಬಿಡುವು ಕಸಿದು ಇಳಿಸಿದ ದರ ಸಾಲ, ಅದನ್ನು ಒಂದು ದಿನ ಪ್ರಯಾಣಿಕನೇ ತೀರಿಸಬೇಕು. ಆದ್ದರಿಂದ ವಿಶ್ರಾಂತಿಯ ನಿಯಮ ಯಾವ ಕಂಪನಿಗೂ ಸಡಿಲವಾಗಕೂಡದು. ಒಂದೇ ಕಂಪನಿಯ ಕೈಗೆ ಮಾರುಕಟ್ಟೆ ಜಾರುವುದನ್ನು ಸರಕಾರ ತಡೆಯಬೇಕು. ಆಕಾಶದಲ್ಲಿ ದುಡಿಯುವವನೂ ನಮ್ಮ ಸಂಗಾತಿಯೇ. ಅವನ ಬಿಡುವಿಗಾಗಿ ದನಿಯೆತ್ತುವುದು ನಮ್ಮ ಸಂಘಗಳ ಕರ್ತವ್ಯ.